ಫಾಕ್ಸ್‌ಪ್ರೋ ಬಿಸಾಡದೆ ಕ್ಲೌಡಿಗೆ ಹೋದೆವು: ಹಾಸನದ ಒಂದು ಕಾಫಿ ಕ್ಯೂರಿಂಗ್‌ನ ಅನುಭವ

ಹೋದ ಸೀಸನ್ ಪೂರ್ತಿ ಡಿಪೋಗಳ ತೂಕದ ಚೀಟಿಗೂ ಹಾಸನದ ಹೆಡ್ ಆಫೀಸಿನ ಲೆಕ್ಕಕ್ಕೂ ತಾಳೆ ನೋಡಲು ನಮ್ಮಲ್ಲಿ ಯಾರೂ ಭಾನುವಾರ ಕೂರಲಿಲ್ಲ. ಸಕಲೇಶಪುರದಲ್ಲಿ ಮೂಟೆ ತೂಗಿದ ಸ್ವಲ್ಪ ಹೊತ್ತಿಗೆ ಅದು ಹಾಸನದ ಸ್ಟಾಕಿನಲ್ಲಿ, ಟ್ಯಾಲಿಯಲ್ಲಿ, ಬೆಳೆಗಾರರ ಫೋನಿನಲ್ಲಿ ಕಾಣುತ್ತಿತ್ತು. ಇದು ಆಗಲ್ಲ ಅಂದವರು ಕಡಿಮೆ ಜನ ಅಲ್ಲ. ಆಡಿಟರ್ ಅಂದರು, ಬೆಂಗಳೂರಿನಿಂದ ಬಂದ ಕನ್ಸಲ್ಟೆಂಟ್‌ಗಳು ಅಂದರು. ನಮ್ಮ ಸಾಹುಕಾರ್ರಂತೂ ಮುಖಕ್ಕೇ ಕೇಳಿದ್ದರು: "ಮಳೆಗಾಲದಲ್ಲಿ ಘಟ್ಟದ ಕಡೆ ಫೋನೇ ಸಿಗಲ್ಲ, ನೀನು ಬಾಂಬೆಲಿ ಕಂಪ್ಯೂಟರ್ ಬಾಡಿಗೆಗೆ ತಗೊಂಡು ಏನ್ ಮಾಡ್ತೀಯ ಕಣಯ್ಯ?"

ಪ್ರಶ್ನೆ ಸರಿಯಾಗಿಯೇ ಇತ್ತು. ಕನ್ಸಲ್ಟೆಂಟ್‌ಗಳ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ನಮ್ಮದು ಒಂದು ಕ್ಯೂರಿಂಗ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ. ಸಕಲೇಶಪುರ, ಮೂಡಿಗೆರೆ, ಆಲ್ದೂರು, ಬೇಲೂರು ಕಡೆ ಖರೀದಿ ಡಿಪೋಗಳು, ಜೊತೆಗೆ ಮೆಣಸಿನ ವ್ಯಾಪಾರ, ಒಂದಷ್ಟು ಲಾರಿ. ತೂಕಕ್ಕೆ ಫಾಕ್ಸ್‌ಪ್ರೋ ಎಂಬ ಹಳೇ ಡೇಟಾಬೇಸಿನಲ್ಲಿ ಬರೆದ ಪ್ರೋಗ್ರಾಂ, ಲೆಕ್ಕಕ್ಕೆ ಟ್ಯಾಲಿ, ಲ್ಯಾಬಿನವರಿಗೆ ಎಕ್ಸೆಲ್, ಬೆಳೆಗಾರರ ಹೆಸರು ವಿಳಾಸಕ್ಕೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೇ ಫೈಲುಗಳು. ಮೈಕ್ರೋಸಾಫ್ಟ್ ಫಾಕ್ಸ್‌ಪ್ರೋಗೆ ಬೆಂಬಲ ನಿಲ್ಲಿಸಿದ್ದು 2015ರ ಜನವರಿಯಲ್ಲಿ. ಬಂದ ಪ್ರತಿಯೊಬ್ಬ ಕನ್ಸಲ್ಟೆಂಟ್‌ನ ಮೊದಲ ಸ್ಲೈಡೇ ಅದು. ಆದರೆ ಮಾಯಿಶ್ಚರ್‌ಗೆ (ತೇವಾಂಶಕ್ಕೆ) ಎಷ್ಟು ಕಟ್ ಮಾಡಬೇಕು, ಇಡೀ ಹಣ್ಣು ಒಣಗಿಸಿದ ಚೆರ್ರಿಗೆ ಔಟ್‌ಟರ್ನ್ (ಅದರಿಂದ ಸಿಗುವ ಬೀಜದ ಪ್ರಮಾಣ) ಮೇಲೆ ರೇಟು ಹೇಗೆ ಕಟ್ಟಬೇಕು, ಕಳೆದ ವರ್ಷದ ಅಡ್ವಾನ್ಸ್ ಯಾವ ಕ್ರಮದಲ್ಲಿ ಮುರಿದುಕೊಳ್ಳಬೇಕು ಎನ್ನುವುದೆಲ್ಲ ಇಪ್ಪತ್ತು ವರ್ಷದಿಂದ ಆ ಪ್ರೋಗ್ರಾಮಿನೊಳಗೇ ಸೇರಿಕೊಂಡಿತ್ತು. ಅದನ್ನು ಕಿತ್ತು ಹೊಸದು ಬರೆಯಲು ಹೋದರೆ ಎರಡು ಸೀಸನ್ ಹೋಗುತ್ತದೆ. ಸೀಸನ್ ಕಾಯುವುದಿಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಶುರುವಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ.

ಮೊದಲ ಪ್ರಯತ್ನ ಪೂರ್ತಿ ಎಸ್‌ಒಎ ಪಾಠದ ಪ್ರಕಾರ, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಸರ್ವಿಸ್ ಎಂಬ ಸಣ್ಣ ಪ್ರೋಗ್ರಾಂ ಇಟ್ಟು ಅವುಗಳನ್ನು ಜೋಡಿಸುವ ಪದ್ಧತಿ. ಹಾಸನದಲ್ಲಿ ಒಂದು ಇಎಸ್‌ಬಿ (ಎಲ್ಲ ಸಂದೇಶವೂ ಹಾದುಹೋಗುವ ನಡುವಿನ ಸಾಫ್ಟ್‌ವೇರ್), ಒಂದಕ್ಕೊಂದು ಮಾತಾಡಲು ಎಲ್ಲ ಸಾಫ್ಟ್‌ವೇರ್‌ಗೂ ಸೋಪ್, ಡಬ್ಲ್ಯುಎಸ್‌ಡಿಎಲ್ ಎಂಬ ನಿಯಮಗಳು, ದಪ್ಪ ದಪ್ಪ ಎಕ್ಸ್‌ಎಂಎಲ್ ಫೈಲುಗಳು. ಪೂರ್ತಿ ಕೆಲಸಕ್ಕೆ ಮೂವತ್ತು ಲಕ್ಷದ ಹತ್ತಿರ ಕೊಟೇಶನ್ ಇತ್ತು. ಪೈಲಟ್‌ಗೆ ಅಂತ ಆರು ಲಕ್ಷ ಕೊಟ್ಟೆವು, ಅದು ಹೋಯಿತು. ಪ್ರತಿ ಚೀಟಿಯೂ ಹಾಸನದ ಇಎಸ್‌ಬಿ ಮುಟ್ಟಿ ನಂಬರ್ ತೆಗೆದುಕೊಂಡು ವಾಪಸ್ ಬರಬೇಕಿತ್ತು. ಹಾಸನದ ಲೈನ್ ಕೈಕೊಟ್ಟರೆ ಆಲ್ದೂರಿನಲ್ಲಿ ಚೀಟಿ ಬರುವುದಿಲ್ಲ. ಬೆಳೆಗಾರ ಪಿಕಪ್ ಆಫ್ ಮಾಡಿ ನಿಂತು ಎಷ್ಟು ಹೊತ್ತು ನೋಡುತ್ತಾನೆ? ಪಕ್ಕದ ವ್ಯಾಪಾರಿ ಹತ್ತಿರ ಹೋಗುತ್ತಾನೆ.

ಎರಡನೆಯದು ಇನ್ನೂ ಸುಲಭ ಅಂತ ಹೇಳಿಕೊಂಡು ಬಂದದ್ದು. ಫಾಕ್ಸ್‌ಪ್ರೋವನ್ನು ಹಾಗೇ ಎತ್ತಿ ಕ್ಲೌಡ್ ವಿಂಡೋಸ್ ಮೆಷಿನ್ನಿಗೆ ಹಾಕಿ, ಡಿಪೋದಿಂದ ರಿಮೋಟ್ ಡೆಸ್ಕ್‌ಟಾಪ್. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮೂರು ಪ್ರತಿ ಹೊಡೆಯುವುದರಲ್ಲಿ ಒಂದು ಖಾಲಿ ಬರುತ್ತಿತ್ತು. ತೂಕದ ಯಂತ್ರದ ಸೀರಿಯಲ್ ಪೋರ್ಟನ್ನು ಮುಂಬೈವರೆಗೆ ಎಳೆದು ಓದಿಸುವುದು, ನಡುವೆ ಲೈನ್ ಕಟ್ಟಾದರೆ ಅರ್ಧ ಬರೆದ ರೆಕಾರ್ಡ್, ಇಂಡೆಕ್ಸ್ ಕೆಟ್ಟು ಮತ್ತೆ ರೀಇಂಡೆಕ್ಸ್. ಡಿಸೆಂಬರ್‌ನ ಒಂದು ಸಂಜೆ ಸಕಲೇಶಪುರ ಡಿಪೋ ಎದುರು ಹೈವೇ ಬದಿಯಲ್ಲಿ ಗಾಡಿ ಸಾಲು ನಿಂತಾಗ ಡಿಪೋ ಹುಡುಗ ಫೋನ್ ಮಾಡಿ, "ಸಾರ್, ನಾನು ಪುಸ್ತಕದಲ್ಲಿ ಬರ್ಕೋತೀನಿ, ನಿಮ್ದು ನೀವು ನೋಡ್ಕಳಿ" ಅಂದ.

ನಾನು ಕೆಲಸ ಶುರು ಮಾಡಿದ್ದು ಆ ಹುಡುಗ ಹೇಳಿದಲ್ಲಿಂದಲೇ. ಪುಸ್ತಕದಲ್ಲಿ ಬರೆದುಕೊಳ್ಳಲು ಹಾಸನದ ಅನುಮತಿ ಬೇಕಿಲ್ಲ. ಹಾಗಾದರೆ ಕಂಪ್ಯೂಟರಿಗೆ ಯಾಕೆ ಬೇಕು?

ಮೊದಲು ಮಾಡಿದ್ದು ಕಾಗದದ ಕೆಲಸ. ಯಾವ ಮಾಹಿತಿಗೆ ಯಾರು ಯಜಮಾನ ಅಂತ ಒಂದು ಹಾಳೆ. ತೂಕಕ್ಕೆ ಡಿಪೋ. ಮಾಯಿಶ್ಚರ್, ಔಟ್‌ಟರ್ನ್‌ಗೆ ಲ್ಯಾಬ್. ದಿನದ ರೇಟಿಗೆ ಸಾಹುಕಾರ್ರು. ಬೆಳೆಗಾರರ ಹೆಸರು, ಬ್ಯಾಂಕ್ ಖಾತೆಗೆ ಹೆಡ್ ಆಫೀಸ್. ಯಜಮಾನ ಬಿಟ್ಟು ಬೇರೆ ಯಾರೂ ತಿದ್ದುವಂತಿಲ್ಲ, ಬೇಕಾದರೆ ಕೇಳಬೇಕು. ಈ ಹಾಳೆಗೆ ಸಹಿ ಹಾಕಿಸುವುದಕ್ಕೇ ಒಂದು ಮಳೆಗಾಲ ಹೋಯಿತು, ಯಾಕೆಂದರೆ ಡಿಪೋ ತೂಕವನ್ನು ಅಕೌಂಟ್ಸ್‌ನವರು "ಸರಿಪಡಿಸುವ" ಅಭ್ಯಾಸ ಬಹಳ ಹಳೆಯದು. ಸರ್ವಿಸ್‌ಗಳು ಆ ಹಾಳೆಯಂತೆಯೇ ಬಂದವು, ಒಬ್ಬ ಯಜಮಾನನಿಗೆ ಒಂದು. ಎಸ್‌ಒಎ ಅಂದರೆ ನನ್ನ ಮಟ್ಟಿಗೆ ಇಷ್ಟೇ. ಉಳಿದದ್ದೆಲ್ಲ ಪ್ಲಂಬಿಂಗ್.

ಆ ಪ್ಲಂಬಿಂಗ್ ಹೀಗೆ. ಪ್ರತಿ ಡಿಪೋದಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಸಣ್ಣ ಯುಪಿಎಸ್, ತೂಕದ ಯಂತ್ರಕ್ಕೆ ಸೀರಿಯಲ್ ಕೇಬಲ್. ಎಲ್ಲ ಸೇರಿ ಡಿಪೋಗೆ ಹದಿನಾಲ್ಕು ಸಾವಿರದ ಆಸುಪಾಸು. ಚೀಟಿಯನ್ನು ಅಲ್ಲೇ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ಬರೆಯುವುದು, ಅದೇ ಟ್ರಾನ್ಸಾಕ್ಷನ್‌ನಲ್ಲಿ "ಕಳಿಸಬೇಕಾದ್ದು" ಎಂಬ ಟೇಬಲ್ಲಿಗೂ ಒಂದು ಸಾಲು ಹಾಕುವುದು. ಎರಡೂ ಆಗಬೇಕು, ಇಲ್ಲ ಎರಡೂ ಆಗಬಾರದು. ಪ್ರಿಂಟ್ ಕೊಟ್ಟು ಗಾಡಿ ಬಿಟ್ಟುಬಿಡಿ. ಲೈನ್ ಬಂದಾಗ ಆ ಸಾಲುಗಳು ಕ್ಲೌಡಿನ ಕ್ಯೂಗೆ, ಅಂದರೆ ಸಂದೇಶಗಳು ಸರದಿಯಲ್ಲಿ ಕಾಯುವ ಜಾಗಕ್ಕೆ ಹೋಗುತ್ತವೆ. ಜುಲೈನಲ್ಲಿ ಆಲ್ದೂರಿನ ಲೈನ್ ಎರಡು ದಿನಕ್ಕಿಂತ ಹೆಚ್ಚು ಮಲಗಿತ್ತು, ಬಂದ ಮೇಲೆ ಒಂದು ಚೀಟಿಯೂ ತಪ್ಪದೆ ಬಂತು.

ಕ್ಯೂ ಇದ್ದಲ್ಲಿ ಒಂದೇ ಚೀಟಿ ಎರಡು ಸಲ ಬರುವುದುಂಟು, ಯಾಕೆಂದರೆ ತಲುಪಿತೋ ಇಲ್ಲವೋ ಗೊತ್ತಾಗದಿದ್ದರೆ ಡಿಪೋ ಮತ್ತೆ ಕಳಿಸುತ್ತದೆ. ಇದಕ್ಕೆ ಉಪಾಯ ಸಿಕ್ಕಿದ್ದು ಜಿಎಸ್‌ಟಿ ಇ-ಇನ್ವಾಯ್ಸ್‌ನಿಂದ, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್ಲಿನಲ್ಲಿ ನೋಂದಾಯಿಸುವ ಪದ್ಧತಿಯಿಂದ. 2023ರ ಆಗಸ್ಟ್ 1ರಿಂದ ಐದು ಕೋಟಿ ವಹಿವಾಟು ದಾಟಿದವರೂ ಅದರೊಳಗೆ ಬಂದರಲ್ಲ, ಮೆಣಸಿನ ಬಿಲ್ಲಿಗೆ ನಾವೂ ಮಾಡಬೇಕಾಯಿತು. ಅಲ್ಲಿ ಐಆರ್‌ಎನ್ ಎಂಬ ಬಿಲ್ಲಿನ ಗುರುತಿನ ಸಂಖ್ಯೆ ಅನ್ನುವುದು ಮಾರುವವನ ಜಿಎಸ್‌ಟಿ ನಂಬರ್, ದಾಖಲೆಯ ಬಗೆ, ಅದರ ಸಂಖ್ಯೆ, ಹಣಕಾಸು ವರ್ಷ ಇವುಗಳಿಂದ ಹುಟ್ಟುವ 64 ಅಕ್ಷರದ ಹ್ಯಾಶ್, ಅಂದರೆ ಲೆಕ್ಕ ಹಾಕಿ ತೆಗೆದ ಗುರುತು. ಅದೇ ಬಿಲ್ಲನ್ನು ಮತ್ತೆ ಕಳಿಸಿದರೆ ಅದೇ ಹ್ಯಾಶ್ ಬರುತ್ತದೆ, ಡೂಪ್ಲಿಕೇಟ್ ಅಂತ ತಿರಸ್ಕಾರ ಆಗುತ್ತದೆ. ಇಡೀ ದೇಶದ ಬಿಲ್ಲಿಗೆ ಆಗುವುದು ನಮ್ಮ ಚೀಟಿಗೆ ಯಾಕಾಗಬಾರದು? ಡಿಪೋ ಕೋಡ್, ಸೀಸನ್, ಚೀಟಿ ನಂಬರ್ ಸೇರಿಸಿ ಶಾ-256 ಎಂಬ ಲೆಕ್ಕದಿಂದ ಹ್ಯಾಶ್ ತೆಗೆದೆ. ಡಿಪೋ ತನ್ನ ನಂಬರನ್ನು ತಾನೇ ಕೊಟ್ಟುಕೊಳ್ಳುತ್ತದೆ, ಹಾಸನವನ್ನು ಕೇಳುವುದಿಲ್ಲ. ಇಎಸ್‌ಬಿಯವರು ಇದಕ್ಕೆ ಬೇರೆ ಲೈಸೆನ್ಸ್ ಮಾರಲು ಬಂದಿದ್ದರು!

ಫಾಕ್ಸ್‌ಪ್ರೋ ಹಾಸನದಲ್ಲಿ ಇನ್ನೂ ಓಡುತ್ತಿದೆ. ಅದರ ಮೇಲೊಂದು ತೆಳು ಸರ್ವಿಸ್ ಇದೆ, ತೂಕ ಕೊಟ್ಟರೆ ಸೆಟಲ್‌ಮೆಂಟ್ ಲೆಕ್ಕ ಹಾಕಿ ಕೊಡುತ್ತದೆ. ಜನ ಕೆಲಸ ಮಾಡುತ್ತಿರುವಾಗಲೇ ಅದರ ಡಿಬಿಎಫ್ ಡೇಟಾ ಫೈಲನ್ನು ಲಾಕ್ ಬೀಳದಂತೆ ಹೇಗೆ ಓದುತ್ತೇನೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಟ್ಯಾಲಿ ಕಥೆ ಸುಲಭ. 9000 ಪೋರ್ಟಿಗೆ ಎಕ್ಸ್‌ಎಂಎಲ್ ಕೊಟ್ಟರೆ ವೋಚರ್ ತೆಗೆದುಕೊಳ್ಳುತ್ತದೆ, ಆದರೆ ಟ್ಯಾಲಿ ತೆರೆದಿದ್ದು ಕಂಪನಿ ಲೋಡ್ ಆಗಿರಬೇಕು. ರಾತ್ರಿ ಅಕೌಂಟೆಂಟ್ ಎಲ್ಲ ಮುಚ್ಚಿ ಮನೆಗೆ ಹೋದರೆ ವೋಚರ್‌ಗಳು ಕ್ಯೂನಲ್ಲೇ ಮಲಗಿ ಬೆಳಿಗ್ಗೆ ಏಳುತ್ತವೆ. ಅದರಿಂದ ಯಾರಿಗೂ ತೊಂದರೆ ಇಲ್ಲ.

ಸಮಯದ ವಿಷಯದಲ್ಲಿ ಹುಷಾರು. ಕ್ಲೌಡಿನ ಗಡಿಯಾರ ಯುಟಿಸಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ ಘಟ್ಟದಿಂದ ಹೊರಟ ಲಾರಿ ಬೆಳಗಿನ ಜಾವ ನಾಲ್ಕಕ್ಕೆ ಹಾಸನದಲ್ಲಿ ತೂಗಿದರೆ ಅದು ಹಿಂದಿನ ತಾರೀಕಿಗೆ ಬೀಳುತ್ತದೆ. ಏಪ್ರಿಲ್ 1ರ ಬೆಳಗಿನ ಲೋಡು ಹಳೇ ಹಣಕಾಸು ವರ್ಷಕ್ಕೇ ಹೋಗಿ ಕೂತಿತ್ತು. ಆಡಿಟರ್ ಇದನ್ನು ಇವತ್ತಿಗೂ ಮರೆತಿಲ್ಲ. ಈಗ ಚೀಟಿಯ ತಾರೀಕು ಡಿಪೋದ್ದು, ಕ್ಲೌಡ್ ಅದನ್ನು ಮುಟ್ಟುವುದಿಲ್ಲ.

ಇನ್ನು ದುಡ್ಡು. ಮೊದಲ ತಿಂಗಳ ಕ್ಲೌಡ್ ಬಿಲ್ಲು ಮೂವತ್ತೆಂಟು ಸಾವಿರ ಚಿಲ್ಲರೆ. ಸಾಹುಕಾರ್ರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು, ಬೈಯಲಿಲ್ಲ, ಅದೇ ಭಯ. ಬಿಚ್ಚಿ ನೋಡಿದರೆ ನಮ್ಮ ಚೀಟಿಗಳ ಖರ್ಚು ಅದರಲ್ಲಿ ಏನೂ ಇಲ್ಲ. ನ್ಯಾಟ್ ಗೇಟ್‌ವೇ (ಕ್ಲೌಡಿನ ಮೆಷಿನ್ನುಗಳು ಇಂಟರ್ನೆಟ್ಟಿಗೆ ಹೋಗುವ ಬಾಗಿಲು) ಗಂಟೆಗಿಷ್ಟು ಅಂತ ತಿನ್ನುತ್ತಿತ್ತು, ಟೆಸ್ಟ್ ಡೇಟಾಬೇಸ್ ರಾತ್ರಿಯೆಲ್ಲ ಎಚ್ಚರ, ಪ್ರೋಗ್ರಾಂಗಳು ಬರೆದಿಡುವ ಲಾಗ್‌ಗಳು ಅಳಿಸದೆ ಬೆಳೆಯುತ್ತಿದ್ದವು. ಗೇಟ್‌ವೇ ತೆಗೆದೆ, ಟೆಸ್ಟ್ ಮೆಷಿನ್ ಸಂಜೆ ಏಳಕ್ಕೆ ತಾನೇ ಆಫ್ ಆಗುವಂತೆ ಮಾಡಿದೆ, ಲಾಗ್ ಎರಡು ವಾರಕ್ಕೆ ಇಳಿಸಿದೆ. ಈಗ ಸೀಸನ್‌ನಲ್ಲಿ ಒಂಬತ್ತು ಹತ್ತು ಸಾವಿರ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಹಾಸನದಲ್ಲಿ ಹೊಸ ಸರ್ವರ್ ಇಡಲು ಬಂದಿದ್ದ ಕೊಟೇಶನ್ ಹತ್ತು ಲಕ್ಷದ ಹತ್ತಿರ, ಎಸಿ ಬೇರೆ.

ಎಸ್‌ಎಂಎಸ್ ಖರ್ಚು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲಿಷ್‌ನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70, ಅದರಲ್ಲೂ ಗುಣಿತದ ಚಿಹ್ನೆ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. "ತಮ್ಮ ಕಾಫಿ ತೂಕ" ಅಂತ ಮರ್ಯಾದೆಯಾಗಿ ಬರೆದರೆ ಮೂರು ಎಸ್‌ಎಂಎಸ್ ಕಾಸು. ಟೆಂಪ್ಲೇಟನ್ನು ಡಿಎಲ್‌ಟಿಯಲ್ಲಿ (ವ್ಯಾಪಾರದ ಎಸ್‌ಎಂಎಸ್ ಮಾದರಿಗೆ ಒಪ್ಪಿಗೆ ಪಡೆಯುವ ಟೆಲಿಕಾಂ ಪೋರ್ಟಲ್) ನೋಂದಾಯಿಸುವ ಮೊದಲೇ ಕತ್ತರಿ ಆಡಿಸಿ, ಒಂದಕ್ಕೆ ಇಳಿಸಿ. ಹಳೇ ನುಡಿ ಹೆಸರುಗಳನ್ನು ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಧರ್ಮೇಗೌಡರು ತಮ್ಮ ಹೆಸರನ್ನು ತಾವೇ ಗುರುತು ಹಿಡಿಯದ ಸ್ಥಿತಿ ಆಗುತ್ತದೆ. ಅದಕ್ಕೂ ಒಂದು ಸ್ಕ್ರಿಪ್ಟ್ ಇದೆ, ಕೇಳಿದವರಿಗೆ ಕೊಡುತ್ತೇನೆ.

ಸಾಹುಕಾರ್ರು ಒಲಿದದ್ದು ಇದ್ಯಾವುದಕ್ಕೂ ಅಲ್ಲ, ಮಳೆ ಲೆಕ್ಕಕ್ಕೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ ಯಾರ ತೋಟಕ್ಕೆ ಎಷ್ಟು ಇಂಚು ಎಷ್ಟು ಸೆಂಟ್ಸ್ (ಇಂಚಿನ ನೂರರಲ್ಲೊಂದು ಭಾಗ) ಅಂತ ಇಡೀ ಮಲೆನಾಡು ಫೋನಿನಲ್ಲಿರುತ್ತದೆ. ಕ್ಯೂ ಹೇಗೂ ಇದೆಯಲ್ಲ ಅಂತ ತೋಟದ ಲೆಕ್ಕ ಬರೆಯುವ ರೈಟರ್‌ಗಳು ಬೆಳಿಗ್ಗೆ ಮಳೆ ಕಳಿಸಿದರೆ ಒಂದೇ ಪಟ್ಟಿಯಾಗಿ ಬರುವ ಸಣ್ಣ ಸರ್ವಿಸ್ ಒಂದು ಸಂಜೆ ಕೂತು ಬರೆದೆ. ಒಬ್ಬರು ಮಿಲಿಮೀಟರ್‌ನಲ್ಲಿ ಕೊಟ್ಟರೆ 25.4ರಿಂದ ಭಾಗಿಸಿ ಇಂಚು ಮಾಡಿ ತೋರಿಸುತ್ತದೆ. "ಇದು ಚೆನ್ನಾಗಿದೆ ಕಣಯ್ಯ, ಇದನ್ನ ಮೊದ್ಲೇ ಮಾಡ್ಬೇಕಿತ್ತು" ಅಂದರು. ಮುಂದಿನ ಬಜೆಟ್ ಪಾಸಾಯಿತು.

ಯುರೋಪಿನ ಅರಣ್ಯನಾಶ ನಿಯಮದ ಪ್ರಯೋಗ ಇನ್ನೂ ಅರ್ಧದಲ್ಲಿದೆ. ಅಲ್ಲಿಗೆ ಕಳಿಸುವುದು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲ ಅಂತ ತೋರಿಸಬೇಕು, ನಾಲ್ಕು ಹೆಕ್ಟೇರ್ ಮೀರಿದ ತೋಟಕ್ಕೆ ಸುತ್ತಿನ ಗಡಿಯೇ ಬೇಕು, ಅಕ್ಷಾಂಶ ರೇಖಾಂಶಕ್ಕೆ ಆರು ದಶಮಾಂಶ. ಸಿಲ್ವರ್ ಓಕ್ ನೆರಳಿನಲ್ಲಿ ಫೋನಿನ ಜಿಪಿಎಸ್ ಪಕ್ಕದವರ ತೋಟಕ್ಕೆ ನೆಗೆಯುತ್ತದೆ. ಪಹಣಿ ನೋಡಿದರೆ ಒಂದೇ ತೋಟ ಅಣ್ಣ, ತಮ್ಮ, ಅತ್ತಿಗೆ ಹೆಸರಿನಲ್ಲಿ ಮೂರು ಸರ್ವೆ ನಂಬರ್. ಹಾಗಾಗಿ ತೋಟವನ್ನು ಬೆಳೆಗಾರರಿಂದ ಬೇರೆ ಮಾಡಿ ಅದಕ್ಕೇ ಒಂದು ಸರ್ವಿಸ್ ಮಾಡಿದ್ದೇನೆ. ಹಳೇ ಚೀಟಿಯ ಯಾವ ಕಾಲಮ್ಮನ್ನೂ ತೆಗೆಯಲಿಲ್ಲ, ತೋಟದ ಕೋಡ್ ಅಂತ ಒಂದು ಸೇರಿಸಿದೆ ಅಷ್ಟೇ. ಅದು ಖಾಲಿ ಇದ್ದರೂ ಡಿಪೋದ ಹಳೇ ಪ್ರೋಗ್ರಾಂ ನಿಲ್ಲುವುದಿಲ್ಲ.

ಉಳಿದಿರುವುದು ಲ್ಯಾಬ್. ಔಟ್‌ಟರ್ನ್ ಇನ್ನೂ ಎಕ್ಸೆಲ್ ಹಾಳೆಯಿಂದ ಕೈಯಲ್ಲೇ ಬರುತ್ತಿದೆ, ಲ್ಯಾಬಿನವರು ತಮ್ಮ ಹಾಳೆ ಬಿಡಲು ತಯಾರಿಲ್ಲ. ಬಿಡಿಸುವ ಯೋಚನೆಯೂ ನನಗಿಲ್ಲ. ಹಾಳೆಯನ್ನು ಒಂದು ಫೋಲ್ಡರಿಗೆ ಸೇವ್ ಮಾಡಿದರೆ ಸಾಕು, ಮುಂದಿನದನ್ನು ಸರ್ವಿಸ್ ಎತ್ತಿಕೊಳ್ಳುತ್ತದೆ. ನವೆಂಬರ್‌ನಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಬರುವುದರೊಳಗೆ ಬೇಲೂರು ಡಿಪೋದಲ್ಲಿ ಹಾಕಿ ನೋಡುತ್ತೇನೆ.