ಕಂಬಳದ ಕೋಣಕ್ಕೆ ಫೋಕಸ್ ಮೊದಲೇ ಕಟ್ಟಿಡಿ

ಆಟೋಫೋಕಸ್ ಇಲ್ಲದ ಕ್ಯಾಮೆರಾದಲ್ಲಿ ಕಂಬಳದ ಫೋಟೋ ತೆಗೆಯುವವರು ಕೋಣಗಳ ಬೆನ್ನಿಗೇ ಫೋಕಸ್ ರಿಂಗ್ ತಿರುಗಿಸಲು ಹೋಗಿ ಸೋಲುತ್ತಾರೆ. ಸೆಕೆಂಡಿಗೆ ಹತ್ತು ಮೀಟರ್‌ನಷ್ಟು ಓಡುವ ಜೋಡಿಗೆ ಬೆರಳು ಸಾಟಿಯಲ್ಲ. ಫೋಕಸ್ಸನ್ನು ಒಂದು ಜಾಗಕ್ಕೆ ಕಟ್ಟಿ, ಕೋಣ ಅಲ್ಲಿಗೆ ಬರುವವರೆಗೆ ಕಾಯಬೇಕು.

ಕರೆಯ (ಕೋಣ ಓಡುವ ಕೆಸರುಗದ್ದೆಯ) ಪಕ್ಕದಲ್ಲಿ, ಓಟ ಓರೆಯಾಗಿ ನಿಮ್ಮತ್ತ ಬರುವಂತೆ ನಿಲ್ಲಿ. ಓಟ ಮುಗಿಯುವ ತುದಿಯಾದ ಮಂಜೊಟ್ಟಿಯ ನೇರಕ್ಕೆ ಮಾತ್ರ ಬೇಡ, ಕೋಣಗಳು ಅದೇ ರಭಸದಲ್ಲಿ ಅಲ್ಲಿ ಏರಿ ಬರುತ್ತವೆ. 135 ಎಂಎಂ ಲೆನ್ಸ್ ಇದ್ದರೆ 20 ಮೀಟರ್ ದೂರದಲ್ಲಿ, ಕೋಣ ಹಾಯುವಲ್ಲೇ ಒಂದು ಗುರುತು ಹಿಡಿಯಿರಿ. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು ಫೋಕಸ್ ಮಾಡಿ, ರಿಂಗ್ ಅಲುಗದಂತೆ ಟೇಪ್ ಅಂಟಿಸಿ, ಆಮೇಲೆ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿ.

ಎಫ್ 8 ಯಾಕೆಂದರೆ, 35 ಎಂಎಂ ಫಿಲ್ಮಿನಲ್ಲಿ ಆಗ ಸುಮಾರು 16ರಿಂದ 27 ಮೀಟರ್‌ವರೆಗೆ ಸ್ಪಷ್ಟವಾಗಿರುತ್ತದೆ. ಎಫ್ 2.8ರಲ್ಲಿ ಅದು 18ರಿಂದ 22ಕ್ಕೆ ಕುಗ್ಗುತ್ತದೆ. ಕೋಣದ ಮೂತಿ ಸ್ಪಷ್ಟವಾಗಿ ಬಂದರೂ ಹಿಂದೆ ಓಡುವವನ ಮುಖ ಮಸುಕಾಗುವುದು ಇದರಿಂದಲೇ. ಸ್ಪಷ್ಟತೆ ಗುರುತಿನ ಮುಂದಕ್ಕಿಂತ ಹಿಂದಕ್ಕೆ ಹೆಚ್ಚು ಚಾಚುತ್ತದೆ. ಹಾಗಾಗಿ ಕೋಣದ ಮುಖಕ್ಕೆ ಲೆಕ್ಕ ಹಾಕಿದರೆ ಓಟಗಾರನೂ ಒಳಗೆ ಬರುತ್ತಾನೆ.

ಒಳ್ಳೆಯ ಬಿಸಿಲಿಗೆ ಐಎಸ್‌ಒ (ಫಿಲ್ಮಿನ ವೇಗ) 400, ಶಟರ್ 1/1000 ಸೆಕೆಂಡು. ಕೋಣದ ಮೈಗೆ ಬೆಳಕಿನ ಮೀಟರ್ ಹಿಡಿಯಬೇಡಿ. ಅದು ಕಪ್ಪನ್ನು ಬೂದು ಮಾಡಲು ಹೋಗಿ ಚಿಮ್ಮುವ ನೀರನ್ನು ಸುಟ್ಟುಬಿಡುತ್ತದೆ. ಅದೇ ಬಿಸಿಲಲ್ಲಿ ಅಂಗೈ ಮೇಲಿನ ಬೆಳಕು ಅಳೆದು ಒಂದು ಸ್ಟಾಪ್ (ಎರಡರಷ್ಟು ಬೆಳಕು) ಹೆಚ್ಚು ಕೊಡಿ.

ನೀರು ಎಷ್ಟು ಎತ್ತರ ಚಿಮ್ಮಿತು ಎಂದು ನೋಡುವ ಕನೆ ಹಲಗೆ ವಿಭಾಗವಂತೂ ಮ್ಯಾನುವಲ್ ಫೋಕಸ್‌ಗೆ ಹೇಳಿ ಮಾಡಿಸಿದ್ದು. ಆರೂವರೆ, ಏಳೂವರೆ ಕೋಲು (ಇಲ್ಲಿನ ಅಳತೆ) ಎತ್ತರಕ್ಕೆ ಕರೆಯ ಮೇಲೆ ಅಡ್ಡ ಕಟ್ಟಿದ ಬಟ್ಟೆಯ ನಿಶಾನೆಯೇ ನಿಮ್ಮ ಗುರುತು. ಕ್ಯಾಮೆರಾ ಲಂಬವಾಗಿ ಹಿಡಿದರೆ ವ್ಯೂಫೈಂಡರಿನ ನಡುವೆ ಚಿತ್ರವನ್ನು ಎರಡಾಗಿ ಸೀಳುವ ಸ್ಪ್ಲಿಟ್ ಗೆರೆಯೂ ನೆಟ್ಟಗಾಗುತ್ತದೆ, ಬಟ್ಟೆಯ ಅಂಚನ್ನು ಕೂಡಿಸುವುದು ಸುಲಭ. ಸ್ಪ್ಲಿಟ್‌ನ ಅರ್ಧ ಕಪ್ಪಾದರೆ ಲೆನ್ಸಿನ ಅಪರ್ಚರ್ ಸಾಲದು, ಇಲ್ಲವೇ ಕಣ್ಣು ನಡುವಿಗಿಲ್ಲ ಎಂದರ್ಥ. ಸುತ್ತಲಿನ ಗಾಜಿನ ಮೇಲೆ ನೋಡಿ ಫೋಕಸ್ ಮಾಡಿ.

ಕಣ್ಣು ಕಂಡು, ಬೆರಳು ಒತ್ತಿ ಶಟರ್ ತೆರೆಯುವಷ್ಟರಲ್ಲಿ ಜೋಡಿ ಎರಡು ಮೀಟರ್ ಮುಂದೆ ಹೋಗಿರುತ್ತದೆ, ಅಷ್ಟು ಮುಂಚೆಯೇ ಒತ್ತಿ. ನೀರು ನಿಶಾನೆಗೆ ತಾಗಿದ್ದು ಎಸ್‌ಎಲ್‌ಆರ್ (ಕನ್ನಡಿಯ ಮೂಲಕ ಲೆನ್ಸಿನೊಳಗಿಂದಲೇ ನೋಡುವ ಕ್ಯಾಮೆರಾ) ವ್ಯೂಫೈಂಡರಿನಲ್ಲಿ ಕಣ್ಣಾರೆ ಕಂಡರೆ ಆ ಕ್ಷಣ ಫಿಲ್ಮಿಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಕನ್ನಡಿ ಮೇಲೆದ್ದು ನಿಮಗೆ ಕತ್ತಲೆ ಕಾಣಬೇಕಿತ್ತು.

ಸಂಜೆ ಬೆಳಕು ಇಳಿದಾಗ ಓಟ ಅಡ್ಡ ಹಾಯುವಂತೆ ಕರೆಯ ಬದಿಗೆ ಮುಖ ಮಾಡಿ ನಿಂತು 1/60ರಲ್ಲಿ ಪ್ಯಾನ್ ಮಾಡಿ, ಅಂದರೆ ಜೋಡಿಯ ಜೊತೆಗೇ ಕ್ಯಾಮೆರಾ ತಿರುಗಿಸಿ. ಪಾದ, ಶಟರ್ ಒತ್ತಬೇಕಾದ ಜಾಗದ ಕಡೆಗಿರಲಿ, ಸೊಂಟದಿಂದ ತಿರುಗಿ. ಒತ್ತಿದ ಮೇಲೂ ತಿರುಗುತ್ತಲೇ ಇರಿ, ನಿಂತರೆ ಕೋಣದ ಮುಖವೇ ಅಲುಗುತ್ತದೆ.