ಮೂರು ಪೈಸೆಯ ಲೆಕ್ಕ

ಪುರಸಭೆಯ ನೀರು ಸರಬರಾಜು ವಿಭಾಗದ ಮೇಜು ನನ್ನ ಪಾಲಿಗೆ ಬಂದದ್ದು 2005ರ ಮಳೆಗಾಲದಲ್ಲಿ. ಊರಿನ ಹೆಸರು ಬೇಡ. ಉತ್ತರ ಕನ್ನಡದ ಕರಾವಳಿಯಲ್ಲಿದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಕಾರವಾರದ ಕೆಲಸ ಮುಗಿಸಿಕೊಂಡು ಸಂಜೆಯೊಳಗೆ ಮನೆ ಸೇರಬಹುದು ಎಂದರೆ ಸಾಕು. ಆ ಮೇಜಿನ ಮೇಲೆ ನನಗೆ ಮೊದಲು ಸಿಕ್ಕಿದ್ದು ಒಂದು ನೋಟೀಸು. ನೀರಿನ ಸೆಸ್, ಅಂದರೆ ಉಪಕರದ ಬಾಕಿ, ಅದರ ಮೇಲೆ ತಿಂಗಳಿಗೆ ಶೇಕಡಾ 2ರಂತೆ ಬಡ್ಡಿ.

ಮನೆಮನೆಯಿಂದ ನಾವು ವಸೂಲಿ ಮಾಡುವ ನೀರಿನ ಕರ ಗೊತ್ತಿತ್ತು. ನಾವೇ ಕಟ್ಟಬೇಕಾದ ನೀರಿನ ಕರವೊಂದಿದೆ ಎಂಬುದು ಗೊತ್ತಿರಲಿಲ್ಲ. 1977ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಒಂದು ಕಾಯ್ದೆ ಮಾಡಿತ್ತು. ಕಾರ್ಖಾನೆಗಳು ಮತ್ತು ಸ್ಥಳೀಯ ಸಂಸ್ಥೆಗಳು ಬಳಸುವ ನೀರಿಗೆ ಕಿಲೋಲೀಟರ್ (ಸಾವಿರ ಲೀಟರ್) ಲೆಕ್ಕದಲ್ಲಿ ಉಪಕರ. ಹಣ ಮೊದಲು ಕೇಂದ್ರದ ಸಂಚಿತ ನಿಧಿಗೆ ಹೋಗಿ, ಅಲ್ಲಿಂದ ಮಾಲಿನ್ಯ ನಿಯಂತ್ರಣ ಮಂಡಳಿಗಳ ಖರ್ಚಿಗೆ ಬರಬೇಕಿತ್ತು. ಹಿಂದಿನ ತಿಂಗಳು ಎಷ್ಟು ನೀರು ಬಳಸಿದಿರಿ ಎಂಬ ವಿವರವನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ನಮೂನೆಯಲ್ಲಿ ತುಂಬಿ ಸಲ್ಲಿಸಬೇಕಿತ್ತು.

ದರಗಳನ್ನು ಓದಿದಾಗ ನಗು ಬಂತು. 2003ರ ತಿದ್ದುಪಡಿಯ ನಂತರ ಗೃಹಬಳಕೆಯ ನೀರಿಗೆ ಕಿಲೋಲೀಟರ್‌ಗೆ 2 ಪೈಸೆ. ಕಾರ್ಖಾನೆಯ ಯಂತ್ರ ತಣಿಸುವುದಕ್ಕೆ, ಬಾಯ್ಲರಿಗೆ 5 ಪೈಸೆ. ಸುಲಭವಾಗಿ ಕೊಳೆತು ಕರಗುವ ಕಲ್ಮಶ ಸೇರುವ ನೀರಿಗೆ 10, ವಿಷಕಾರಿ ಕಲ್ಮಶ ಸೇರುವ ನೀರಿಗೆ 15. ದಿನಕ್ಕೆ 100 ಲೀಟರ್ ಬಳಸುವ ಮನುಷ್ಯನ ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ 73 ಪೈಸೆ. ಜಲವಿದ್ಯುತ್ ಘಟಕಗಳಿಗಂತೂ ಕಾಯ್ದೆಯೇ ಅನ್ವಯಿಸುತ್ತಿರಲಿಲ್ಲ. ಸೂಪಾದಿಂದ ಕದ್ರಾದವರೆಗೆ ಟರ್ಬೈನು ತಿರುಗಿಸುತ್ತಾ ಇಳಿದು ಬರುವ ಕಾಳಿ ನದಿಗೆ ಆ ಕೆಲಸದ ಮಟ್ಟಿಗೆ ಸುಂಕವಿರಲಿಲ್ಲ, ನಮ್ಮ ಬೀದಿ ನಲ್ಲಿಗಿತ್ತು.

ಹಳೆಯ ನಮೂನೆಗಳ ಪ್ರತಿ ತೆಗೆದು ನೋಡಿದೆ. ಎಲ್ಲದರಲ್ಲೂ ದಿನಕ್ಕೆ 3,200 ಕಿಲೋಲೀಟರ್. ಬೇಸಿಗೆಯಲ್ಲೂ ಅಷ್ಟೇ, ಆಷಾಢದಲ್ಲೂ ಅಷ್ಟೇ. ಮೀಟರ್ ಇರಲಿಲ್ಲ. ಜಾಕ್‌ವೆಲ್ಲಿನ, ಅಂದರೆ ಹೊಳೆಯ ನೀರೆತ್ತುವ ಬಾವಿಯ, ಪಂಪು ತಾಸಿಗೆ 2 ಲಕ್ಷ ಲೀಟರ್ ಎತ್ತುತ್ತದೆ ಎಂದು ಅದರ ಫಲಕದ ಮೇಲೆ ಬರೆದಿತ್ತು. ಲಾಗ್‌ಬುಕ್ಕಿನಲ್ಲಿ ದಿನಕ್ಕೆ 16 ತಾಸು. ಗುಣಿಸಿದರೆ ಮುಗಿಯಿತು.

ನನಗೆ ಅನುಮಾನ ಬಂದದ್ದು ಜುಲೈ ತಿಂಗಳ ಒಂದು ಪುಟದಿಂದ. ಗಾಳಿಮಳೆಗೆ ಕಂಬಗಳು ಉರುಳಿ ಇಡೀ ಊರು ಎರಡು ದಿನ ಕತ್ತಲಲ್ಲಿ ಕುಳಿತಿದ್ದು ನೆನಪಿತ್ತು. ಆ ಎರಡು ದಿನವೂ ಪಂಪು 16 ತಾಸು ಓಡಿದೆ! ಪಂಪ್‌ಹೌಸಿನ ಹಿರಿಯನನ್ನು ಕೇಳಿದೆ. ಆತ ಎಲೆ ಅಡಿಕೆ ಬಾಯಿಂದ ಉಗುಳಿ ಬಂದು, "ಹಿಂದಿನವರು ಹದಿನಾರು ಬರೆ ಎಂದಿದ್ದರು ಸಾರ್, ಬರೆಯುತ್ತಾ ಬಂದೆ" ಎಂದ. ಅವನ ತಪ್ಪು ಎಂದು ನನಗೆ ಈಗಲೂ ಅನಿಸುವುದಿಲ್ಲ. ಕೇಳದ ಲೆಕ್ಕವನ್ನು ಯಾರು ಬರೆಯುತ್ತಾರೆ?

ವಿದ್ಯುತ್ ಬಿಲ್ಲು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಪಂಪಿನದು 75 ಎಚ್‌ಪಿ ಮೋಟಾರು, ತಾಸಿಗೆ ಸುಮಾರು 56 ಯೂನಿಟ್. ದಿನಕ್ಕೆ 16 ತಾಸು ಓಡಿದ್ದರೆ ತಿಂಗಳಿಗೆ ಹತ್ತಿರ ಹತ್ತಿರ 27,000 ಯೂನಿಟ್ ಆಗಬೇಕು. ಬಿಲ್ಲಿನಲ್ಲಿದ್ದದ್ದು 19,000. ಎಂದರೆ ದಿನಕ್ಕೆ ಹನ್ನೊಂದು ತಾಸು ಚಿಲ್ಲರೆ.

ಇನ್ನು ಫಲಕದ ಮೇಲಿನ 2 ಲಕ್ಷ. ಅದನ್ನು ಪರೀಕ್ಷಿಸಲು ಇಂಜಿನಿಯರ್ ಆಗಬೇಕಿಲ್ಲ. ನಮ್ಮ ಓವರ್‌ಹೆಡ್ ಟ್ಯಾಂಕಿಗೆ 5 ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಭಾನುವಾರ ನಸುಕಿನಲ್ಲಿ ವಾಲ್ವ್‌ಮನ್ ಮತ್ತು ನಾನು ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಊರಿಗೆ ಬಿಡುವ ವಾಲ್ವ್ ಮುಚ್ಚಿ, ಪಂಪು ಚಾಲೂ ಮಾಡಿಸಿ, ನೀರು ಬೀಳುವ ಸದ್ದು ಕೇಳಿದ ಕ್ಷಣದಿಂದ ಗಡಿಯಾರ ನೋಡುತ್ತಾ ಕುಳಿತೆವು. ಎರಡೂವರೆ ತಾಸಿಗೆ ತುಂಬಬೇಕಿತ್ತು. ಮೂರು ತಾಸು ಇಪ್ಪತ್ತು ನಿಮಿಷ ಹಿಡಿಯಿತು. ತಾಸಿಗೆ ಒಂದೂವರೆ ಲಕ್ಷ. ಅಷ್ಟರಲ್ಲಿ ಕೆಳಗೆ ಕೊಡ ಹಿಡಿದ ಹೆಂಗಸರು ನಮ್ಮಿಬ್ಬರಿಗೆ ಏನೆಂದರು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಉಳಿದ ಐವತ್ತು ಸಾವಿರ ಎಲ್ಲಿ? ಒಂದಿಷ್ಟು ಪಂಪಿನ ಮುಪ್ಪು. ಇನ್ನೊಂದಿಷ್ಟನ್ನು ಹುಡುಕುತ್ತಾ ಜಾಕ್‌ವೆಲ್ಲಿನಿಂದ ಟ್ಯಾಂಕಿನವರೆಗೆ ಪೈಪಿನ ಗುಂಟ ನಡೆದೆವು. ಪೈಪಿನೊಳಗಿನ ಗಾಳಿ ಹೊರಬಿಡುವ ಒಂದು ಏರ್ ವಾಲ್ವಿನ ಸುತ್ತ ಕಡು ಬೇಸಿಗೆಯಲ್ಲೂ ಸೊಂಟದೆತ್ತರ ಕೆಸು ಬೆಳೆದಿತ್ತು. ಅಕ್ಕಪಕ್ಕದವರು ಅದರ ಎಲೆಯಿಂದ ಪತ್ರೊಡೆ ಮಾಡಿಕೊಂಡು ತಿನ್ನುತ್ತಿದ್ದರು. ಇನ್ನೊಂದು ಕಡೆ ಎಮ್ಮೆಗಳಿಗೆ ಒಳ್ಳೆಯ ಹೊಂಡವೇ ಆಗಿತ್ತು.

ಒಟ್ಟು ಲೆಕ್ಕ ಹೀಗಾಯಿತು: ಊರಿಗೆ ಬರುತ್ತಿದ್ದದ್ದು 3,200 ಅಲ್ಲ, ಸುಮಾರು 1,700 ಕಿಲೋಲೀಟರ್. ಕಿಲೋಲೀಟರ್‌ಗೆ 3 ಪೈಸೆಯಂತೆ ತಿಂಗಳಿಗೆ 2,880 ರೂಪಾಯಿಯ ಉಪಕರ 1,530ಕ್ಕೆ ಇಳಿಯಿತು. ಮುಖ್ಯಾಧಿಕಾರಿಗಳು ಟಿಪ್ಪಣಿ ಓದಿ, "ಸಾವಿರದ ಮುನ್ನೂರೈವತ್ತು ರೂಪಾಯಿ ಉಳಿಸಲು ಇಷ್ಟು ದಿನ ಓಡಾಡಿದಿರಾ ಮಾರಾಯರೇ?" ಎಂದು ನಕ್ಕರು. ಮುಂದಿನ ಪುಟ ಓದಿದ ಮೇಲೆ ನಗಲಿಲ್ಲ. ದಿನಕ್ಕೆ 32 ಲಕ್ಷ ಲೀಟರ್ ಕೊಟ್ಟರೂ ಜನರಿಗೆ ಸಾಲುತ್ತಿಲ್ಲ, ಪೋಲು ಮಾಡುತ್ತಿದ್ದಾರೆ ಎಂದು ಪ್ರತಿ ಸಾಮಾನ್ಯ ಸಭೆಯಲ್ಲಿ ಬೈಯುತ್ತಿದ್ದೆವಲ್ಲ, ಜನರಿಗೆ ಬರುತ್ತಿದ್ದದ್ದೇ ಅದರ ಅರ್ಧ. ಆ ವರ್ಷವೇ ಪಂಪು ರಿಪೇರಿಯಾಯಿತು, ಏರ್ ವಾಲ್ವ್ ಬದಲಾಯಿತು, ಟ್ಯಾಂಕಿಗೆ ಬರುವ ಪೈಪಿಗೆ ಮೀಟರ್ ಕೂತಿತು. ಕೆಸು ಒಣಗಿತು.

ಇನ್ನು ಮೂರು ಪೈಸೆ ಯಾಕೆ, ಎರಡಲ್ಲವೇ ಎಂದು ಕೇಳಬಹುದು. ಕೊಳಚೆಯನ್ನು ನಿಯಮದಂತೆ ವಿಲೇವಾರಿ ಮಾಡದ ಸಂಸ್ಥೆಗೆ ಹೆಚ್ಚಿನ ದರ, ಗೃಹಬಳಕೆಯ ನೀರಿಗೆ 3 ಪೈಸೆ. ಶುದ್ಧೀಕರಣ ಘಟಕ ಕಟ್ಟಿದರೆ ಶೇಕಡಾ 25 ರಿಯಾಯಿತಿ. ನಮ್ಮಲ್ಲಿ ಘಟಕವೆಲ್ಲಿ? ಗಟಾರದ ನೀರು ನೇರ ಕೋಡಿಗೆ, ಕೋಡಿಯಿಂದ ಕಡಲಿಗೆ. ಅಳಿವೆಯ ಮರಳಿನಲ್ಲಿ ಬಳಚು (ಚಿಪ್ಪಿಕಲ್ಲು) ಹೆಕ್ಕುವವರು ಮೂಗು ಮುಚ್ಚಿಕೊಂಡು ಇಳಿಯುತ್ತಿದ್ದರು. ಇದನ್ನು ಮುಂದಿಟ್ಟುಕೊಂಡು ಘಟಕದ ಪ್ರಸ್ತಾವ ಬರೆಯೋಣ ಎಂದು ಹುಮ್ಮಸ್ಸಿನಿಂದ ಕುಳಿತೆ. ಘಟಕ ಕಟ್ಟಿದರೆ ದರ 2 ಪೈಸೆಗೆ ಇಳಿದು, ಅದರ ಮೇಲೆ ರಿಯಾಯಿತಿಯೂ ಸೇರಿ, ಉಪಕರ ತಿಂಗಳಿಗೆ 1,530ರಿಂದ 765 ರೂಪಾಯಿಗೆ ಇಳಿಯುತ್ತದೆ. ಉಳಿತಾಯ 765. ಆ ಸಂಖ್ಯೆಯನ್ನು ಬರೆದು, ನೋಡಿ, ಹಾಳೆ ಹರಿದು ಹಾಕಿದೆ. ಕೋಟಿ ರೂಪಾಯಿಯ ಕೆಲಸಕ್ಕೆ ತಿಂಗಳಿಗೆ 765 ರೂಪಾಯಿಯ ಆಸೆ ತೋರಿಸಿದರೆ ಸಭೆಯಲ್ಲಿ ನಾನೇ ನಗೆಪಾಟಲು. ಇಡೀ ಊರಿನ ಕೊಳಚೆಯನ್ನು ಕಡಲಿಗೆ ಬಿಡುವುದಕ್ಕೆ ನಾವು ತೆರುತ್ತಿದ್ದ ದಂಡ, ಆ ಹೆಚ್ಚುವರಿ ಒಂದು ಪೈಸೆ, ತಿಂಗಳಿಗೆ 510 ರೂಪಾಯಿ. ಸಭೆಯ ದಿನದ ಚಹಾ, ಅವಲಕ್ಕಿಯ ಬಿಲ್ಲು ಅದಕ್ಕಿಂತ ಹೆಚ್ಚು.

ಕಾರ್ಖಾನೆಯೊಂದರಲ್ಲಿ ಇದೇ ನಮೂನೆ ತುಂಬುತ್ತಿದ್ದ ಗೆಳೆಯನೊಬ್ಬನಿದ್ದ. ನನಗೆ ಒಂದೇ ಅಂಕಣ, ಅವನಿಗೆ ನಾಲ್ಕು. ಪ್ರತಿ ಬಳಕೆಗೂ ಬೇರೆ ಮೀಟರ್ ಇಲ್ಲದಿದ್ದರೆ 15 ಪೈಸೆಯ ನೀರು ತಾನಾಗಿಯೇ 5 ಪೈಸೆಯ ಅಂಕಣಕ್ಕೆ ಹರಿಯುತ್ತದೆ, ನೀರಿನ ಗುಣವೇ ಇಳಿಜಾರಿಗೆ ಹೋಗುವುದು ಎಂದು ಅವನು ಹೇಳುತ್ತಿದ್ದ.

ಹನ್ನೊಂದು ವರ್ಷ ಆ ನಮೂನೆ ತುಂಬಿದೆ. ಮಳೆಗಾಲದಲ್ಲಿ ಕೆಸರು ಹೊಕ್ಕು ಮೀಟರ್ ನಿಂತಾಗಲೆಲ್ಲ, 5ನೇ ತಾರೀಖಿನ ಹೆದರಿಕೆ ತೋರಿಸಿ ಬಿಚ್ಚಿಸಿ ತೊಳೆಸುತ್ತಿದ್ದೆ. ಏಪ್ರಿಲಿನಲ್ಲಿ ಉಪ್ಪುನೀರು ಹೊಳೆಯಲ್ಲಿ ಮೇಲೇರಿ ಪಂಪು ನಿಲ್ಲಿಸಿದ ದಿನಗಳು ಕೂಡ ನನ್ನ ಲೆಕ್ಕದಲ್ಲಿ ಸರಿಯಾಗಿ ಇರುತ್ತಿದ್ದವು.

2017ರಲ್ಲಿ ಜಿಎಸ್‌ಟಿ ಬರುವಾಗ ಈ ಉಪಕರವನ್ನೂ ರದ್ದು ಮಾಡಿದರು. ನಾನು ಆಗಲೇ ನಿವೃತ್ತನಾಗಿದ್ದೆ. ಮೊನ್ನೆ ನೆಂಟರ ಮನೆಗೆ ಹೋಗುವ ದಾರಿಯಲ್ಲಿ ಪಂಪ್‌ಹೌಸಿಗೆ ಇಣುಕಿದೆ. ಹೊಸ ಹುಡುಗ, ಕುರ್ಚಿ ಕೊಟ್ಟು ಕೂರಿಸಿದ. ಟ್ಯಾಂಕಿನ ಬಳಿಯ ಮೀಟರಿನ ಗಾಜು ಒಳಗಿನಿಂದ ಕಂದು ಕಟ್ಟಿದೆಯಂತೆ, ನಿಂತು ಎಷ್ಟು ವರ್ಷವಾಯಿತೋ ಅವನಿಗೆ ಗೊತ್ತಿಲ್ಲ. ಮೇಜಿನ ಮೇಲಿದ್ದ ಲಾಗ್‌ಬುಕ್ ತೆರೆದೆ. ಪುಟದುದ್ದಕ್ಕೂ ದುಂಡನೆಯ ಅಕ್ಷರದಲ್ಲಿ 16, 16, 16.