ಟ್ರಯಲ್‌ನಿಂದ ಮಹಿಳೆಯರು ಎಲ್ಲಿ ಸೋರಿಹೋಗುತ್ತಾರೆ? ಸ್ಕ್ರೀನಿಂಗ್ ಲಾಗ್ ಓದುವ ಬಗೆ

ಔಷಧ, ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಮಹಿಳೆಯರು ಯಾಕೆ ಕಡಿಮೆ ಅಂತ ಕೇಳಿದರೆ, ‘ಅವರು ಒಪ್ಪುವುದಿಲ್ಲ’ ಅನ್ನುವ ಉತ್ತರ ತಯಾರಾಗಿರುತ್ತದೆ. ಸ್ಕ್ರೀನಿಂಗ್ ಲಾಗ್ (ಟ್ರಯಲ್‌ಗೆ ಯಾರನ್ನು ಪರಿಶೀಲಿಸಿದೆವು ಎನ್ನುವ ದಾಖಲೆ) ಬಿಡಿಸಿ ನೋಡಿದರೆ ಎಷ್ಟೋ ಸಲ ಅವರನ್ನು ಕೇಳಿಯೇ ಇರುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ ಹಾಕುತ್ತೇನೆ. ಟ್ರಯಲ್‌ನಲ್ಲಿರುವ ಮಹಿಳೆಯರ ಶೇಕಡಾ ಪ್ರಮಾಣವನ್ನು ಆ ಕಾಯಿಲೆಯವರಲ್ಲಿ ಮಹಿಳೆಯರ ಪ್ರಮಾಣದಿಂದ ಭಾಗಿಸುವುದು. ರೋಗಿಗಳಲ್ಲಿ 40, ಟ್ರಯಲ್‌ನಲ್ಲಿ 26 ಇದ್ದರೆ 0.65 ಬರುತ್ತದೆ. 0.8ರಿಂದ 1.2ರ ಒಳಗಿದ್ದರೆ ಸರಿ ಎನ್ನುವುದು ರೂಢಿ. ಅರ್ಧಕ್ಕರ್ಧ ಇರಲೇಬೇಕು ಅನ್ನುವುದು ತಪ್ಪು ಗುರಿ. ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ರೋಗಿಗಳು ಹೆಂಗಸರೇ. ಅಲ್ಲಿ ಅರ್ಧ ಅಂದರೆ ಕೊರತೆ.

ಆಮೇಲೆ ಲಾಗ್. ಹೆಸರು ಬಂದವರು, ಅರ್ಹರಾದವರು, ನಾವು ಕೇಳಿದವರು, ಸಹಿ ಹಾಕಿದವರು, ಕೊನೆಯ ಭೇಟಿವರೆಗೆ ಉಳಿದವರು: ಪ್ರತಿ ಹಂತಕ್ಕೂ ಗಂಡು, ಹೆಣ್ಣು ಬೇರೆ ಕಾಲಂ. ಹೊರಗಿಟ್ಟರೆ ಯಾವ ಷರತ್ತಿನಿಂದ ಎಂದು ಅದರ ಕ್ರಮಸಂಖ್ಯೆ ಬರೆಯಬೇಕು. ಬರೀ ‘ಅನರ್ಹ’ ಎಂದು ಬರೆದ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ.

ಹೆಚ್ಚು ಸೋರುವುದು ಸೇರ್ಪಡೆಯ ಷರತ್ತುಗಳಲ್ಲೇ. ಹಿಮೋಗ್ಲೋಬಿನ್ ಎಲ್ಲರಿಗೂ (ಡೆಸಿಲೀಟರ್‌ಗೆ) 13 ಗ್ರಾಂ ಇರಬೇಕು ಎಂದು ಬರೆದರೆ, 12.4 ಇರುವ ಆರೋಗ್ಯವಂತ ಹೆಂಗಸು ಹೊರಬೀಳುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರಕ್ತಹೀನತೆಯ ಗಡಿ ಗರ್ಭಿಣಿಯಲ್ಲದ ಮಹಿಳೆಯರಿಗೆ 12, ಗಂಡಸರಿಗೆ 13. ಹೃದ್ರೋಗ ಹೆಂಗಸರಿಗೆ ಸುಮಾರು ಹತ್ತು ವರ್ಷ ತಡವಾಗಿ ಬರುವುದರಿಂದ, 75ರ ವಯೋಮಿತಿಯ ಪೆಟ್ಟು ಅವರಿಗೇ ಹೆಚ್ಚು.

ಇನ್ನೊಂದು ಹಳೆಯ ಸಾಲು, ‘ಗರ್ಭ ಧರಿಸಬಲ್ಲ ಮಹಿಳೆಯರನ್ನು ಸೇರಿಸುವಂತಿಲ್ಲ’ ಎನ್ನುವುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1977ರಲ್ಲಿ ಆರಂಭಿಕ ಹಂತದ ಟ್ರಯಲ್‌ಗಳಿಗೆ ಈ ನಿರ್ಬಂಧ ಹಾಕಿ, 1993ರಲ್ಲಿ ಕೈಬಿಟ್ಟಿತು. ಹಳೆಯ ಪ್ರೋಟೊಕಾಲ್ (ಟ್ರಯಲ್‌ನ ಲಿಖಿತ ಯೋಜನೆ) ಕಾಪಿ ಮಾಡುವ ಚಟದಿಂದ ಸಾಲು ಮಾತ್ರ ಬದುಕಿದೆ. ಅದರ ಜಾಗದಲ್ಲಿ ಹೀಗೆ ಬರೆಯುತ್ತೇವೆ: ಡೋಸ್‌ಗೆ ಮೊದಲು ಗರ್ಭ ಪರೀಕ್ಷೆ, ಔಷಧ ಮೈಯಿಂದ ಪೂರ್ತಿ ಹೋಗುವವರೆಗೆ (ಎಷ್ಟು ದಿನ ಎಂದು ನಮೂದಿಸಿ) ಗರ್ಭನಿರೋಧಕ; ಗರ್ಭಕೋಶ ತೆಗೆಸಿಕೊಂಡವರಿಗೆ, ಮುಟ್ಟು ನಿಂತು 12 ತಿಂಗಳು ಕಳೆದವರಿಗೆ ಇದು ಬೇಡ.

ಜನ ಸೇರಿದ ಮೇಲೂ ಎಡವಟ್ಟು ಆಗುವುದುಂಟು. ಗಂಡಸರಲ್ಲಿ ಪಿ ಮೌಲ್ಯ (ಔಷಧಕ್ಕೆ ಪರಿಣಾಮವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ; ರೂಢಿಯಲ್ಲಿ 0.05ಕ್ಕಿಂತ ಕಡಿಮೆ ಇರಬೇಕು) 0.03, ಹೆಂಗಸರಲ್ಲಿ 0.15 ಬಂದ ಕೂಡಲೇ ‘ಹೆಂಗಸರಿಗೆ ಕೆಲಸ ಮಾಡುವುದಿಲ್ಲ’ ಎಂದು ಬರೆದುಬಿಡುತ್ತಾರೆ. ಹೆಂಗಸರ ಸಂಖ್ಯೆ ಕಡಿಮೆ ಇದ್ದ ಕಾರಣಕ್ಕೇ 0.15 ಬಂದಿರಬಹುದು! ನೋಡಬೇಕಾದ್ದು ಇಬ್ಬರ ಪರಿಣಾಮದ ನಡುವಿನ ಅಂತರವನ್ನು; ಅದನ್ನು ಪರೀಕ್ಷಿಸುವುದೇ ಇಂಟರಾಕ್ಷನ್ ಟೆಸ್ಟ್. ಆ ಅಂತರ ಚಿಕಿತ್ಸೆಯ ಪರಿಣಾಮದಷ್ಟೇ ದೊಡ್ಡದಿದ್ದರೂ, ಅದನ್ನು ಹಿಡಿಯಲು, ಚಿಕಿತ್ಸೆಯ ಪರಿಣಾಮ ಹಿಡಿಯಲು ಬೇಕಾದವರ ಸುಮಾರು ನಾಲ್ಕು ಪಟ್ಟು ಜನ ಬೇಕು. ಅಷ್ಟು ಜನರನ್ನು ಸೇರಿಸಲು ದುಡ್ಡಿರುವ ಟ್ರಯಲ್ ಅಪರೂಪ. ಹಾಗಾಗಿ ಇಬ್ಬರ ಅಂದಾಜನ್ನೂ ವಿಶ್ವಾಸ ವ್ಯಾಪ್ತಿಯ (ನಿಜವಾದ ಬೆಲೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎನ್ನುವ ಅಂದಾಜು) ಸಮೇತ ಪ್ರಕಟಿಸುತ್ತೇವೆ. ಮುಂದೆ ಯಾರಾದರೂ ಹಲವು ಟ್ರಯಲ್ ಒಟ್ಟುಗೂಡಿಸಿದಾಗ ಅದು ಬಳಕೆಗೆ ಬರುತ್ತದೆ.

ರಕ್ತದಲ್ಲಿ ಔಷಧದ ಮಟ್ಟ ಅಳೆಯಲು ಮಾತ್ರ ಅಷ್ಟು ಜನ ಬೇಡ, ಅದನ್ನು ಮೊದಲ ಹಂತದಲ್ಲೇ ಬೇರೆ ಬೇರೆ ನೋಡಬಹುದು. ನಿದ್ದೆ ಮಾತ್ರೆ ಜೊಲ್ಪಿಡೆಮ್ 10 ಮಿಲಿಗ್ರಾಂ ನುಂಗಿ ಎಂಟು ಗಂಟೆ ಕಳೆದರೂ, ಗಾಡಿ ಓಡಿಸಲು ತೊಂದರೆಯಾಗುವಷ್ಟು ಔಷಧ ಸುಮಾರು 15% ಹೆಂಗಸರ ರಕ್ತದಲ್ಲಿ ಉಳಿದಿತ್ತು, ಗಂಡಸರಲ್ಲಿ 3%. ಎಫ್‌ಡಿಎ ಹೆಂಗಸರ ಡೋಸನ್ನು 5 ಮಿಲಿಗ್ರಾಂಗೆ ಇಳಿಸಿದ್ದು 2013ರಲ್ಲಿ. ಮಾತ್ರೆಗೆ ಅನುಮತಿ ಸಿಕ್ಕಿದ್ದು 1992ರಲ್ಲಿ.